ಆರ್ಟಿಕಲ್‌ಶಿಪ್‌ನ ಎರಡು ವರ್ಷ ಯಾರ ಲೆಕ್ಕಕ್ಕೆ?

ಸಿಎ ಇಂಟರ್‌ಮೀಡಿಯೆಟ್‌ನ ಎರಡೂ ಗ್ರೂಪ್ ಪಾಸಾದ ಮಕ್ಕಳಿರುವ ಮನೆಯಲ್ಲಿ ಮೊದಲ ವಾರ ಸಂಭ್ರಮವೇ ಸಂಭ್ರಮ. ಫ್ಯಾಮಿಲಿ ಗ್ರೂಪಿನಲ್ಲಿ ಫೋಟೋ, ಜುಮಾ ಮುಗಿಸಿ ಹೊರಬರುವಾಗ ಪಳ್ಳಿಯ ಮೆಟ್ಟಿಲಲ್ಲಿ ಹಿರಿಯರ ಮಾಶಾ ಅಲ್ಲಾಹ್, ದುಬೈಯಿಂದ ಮಾವನ ಫೋನು. ಎರಡನೇ ವಾರ ಒಂದು ಪ್ರಶ್ನೆ ಬರುತ್ತದೆ. "ಇನ್ನು ಸಂಬಳ ಎಷ್ಟು?" ಸಂಬಳ ಅಂತ ಇಲ್ಲ, ಎರಡು ವರ್ಷ ಒಬ್ಬರು ಸಿಎ ಕೈಕೆಳಗೆ ಕೆಲಸ ಕಲಿಯಬೇಕು, ಸ್ಟೈಪೆಂಡ್ ಅಂತ ಸ್ವಲ್ಪ ಕೊಡ್ತಾರೆ, ಅದು ಮುಗಿದ ಮೇಲೆ ಫೈನಲ್ ಪರೀಕ್ಷೆ ಉಂಟು ಎಂದು ಹುಡುಗ ಹೇಳಿದಾಗ ಮನೆ ಒಮ್ಮೆಗೇ ಮೌನವಾಗುತ್ತದೆ. "ಪಾಸಾದದ್ದಲ್ವಾ? ಮತ್ತೆಂತ ಕಲಿಯುವುದು?" ಎಂದು ಬಾಪ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಅಷ್ಟು ವರ್ಷ ಫೀಸು ಕಟ್ಟಿದವರು ಅವರು.

ಆ ಮೌನದ ಬಗ್ಗೆ ಈ ವಾರ ಬರೆಯಬೇಕೆನಿಸಿತು. ಪರೀಕ್ಷೆಯಲ್ಲಿ ಬಿದ್ದು ಸಿಎ ಬಿಟ್ಟವರ ಬಗ್ಗೆ ನಾವು ಮದುವೆಮನೆಗಳಲ್ಲೂ ಮಾತಾಡುತ್ತೇವೆ. ಪಾಸಾಗಿಯೂ ಬಿಟ್ಟವರ ಬಗ್ಗೆ ಯಾರೂ ಮಾತಾಡುವುದಿಲ್ಲ. ಇಂಟರ್ ಮುಗಿಸಿ, ಆರ್ಟಿಕಲ್‌ಶಿಪ್‌ಗೆ ಸೇರದೆ, ಅಥವಾ ಸೇರಿ ಆರು ತಿಂಗಳಿಗೆ ಬಿಟ್ಟು, ವಿಸಿಟ್ ವೀಸಾದಲ್ಲಿ ವಿಮಾನ ಹತ್ತಿ ಸೂಪರ್ ಮಾರ್ಕೆಟಿನ ಅಕೌಂಟ್ಸ್ ಸೆಕ್ಷನಿನಲ್ಲಿ ಕುಳಿತವರು ನಮ್ಮೊಳಗೆ ಇದ್ದಾರೆ. ಓದುಗರು ಒಮ್ಮೆ ತಮ್ಮ ಕುಟುಂಬದಲ್ಲೇ ನೆನಪು ಮಾಡಿಕೊಂಡರೆ ಒಂದಾದರೂ ಹೆಸರು ಸಿಕ್ಕೀತು.

ತಿಳಿಯದವರಿಗಾಗಿ ದಾರಿಯನ್ನು ಸ್ವಲ್ಪ ಹೇಳಿಬಿಡೋಣ. ಸಿಎ ಎಂಬುದು ಕಾಲೇಜಿನಲ್ಲಿ ಸಿಗುವ ಡಿಗ್ರಿ ಅಲ್ಲ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯಡಿ ಹುಟ್ಟಿದ ಐಸಿಎಐ ಸಂಸ್ಥೆ ಪರೀಕ್ಷೆ ಮಾಡುತ್ತದೆ, ತರಬೇತಿಯ ನಿಯಮವನ್ನೂ ಅದೇ ಹೇಳುತ್ತದೆ. ಪಿಯುಸಿ ಆದವರಿಗೆ ಫೌಂಡೇಶನ್, ಆ ಮೇಲೆ ಇಂಟರ್, ಕೊನೆಗೆ ಫೈನಲ್. ಬಿಕಾಂನಲ್ಲಿ ಶೇ. 55 ಅಂಕ ಇದ್ದವರು ಫೌಂಡೇಶನ್ ಬರೆಯದೆ ಸೀದಾ ಇಂಟರ್‌ಗೆ ಹೋಗಬಹುದು. ಇಂಟರ್‌ನ ಪ್ರತಿ ಪೇಪರಿನಲ್ಲಿ 40, ಗ್ರೂಪಿನಲ್ಲಿ ಒಟ್ಟು ಶೇ. 50 ಬರಬೇಕು. 2024ರ ಜೂನ್ ತಿಂಗಳ ಫೌಂಡೇಶನ್ ಪರೀಕ್ಷೆಯಲ್ಲಿ ದೇಶದಲ್ಲಿ ಬರೆದ ನೂರರಲ್ಲಿ ಪಾಸಾದವರು ಸುಮಾರು 15 ಮಂದಿ. ಅಷ್ಟು ಸಣ್ಣ ಜರಡಿ ಅದು. ಇಂಟರ್‌ನ ಎರಡೂ ಗ್ರೂಪ್ ಮುಗಿಸಿದವರಿಗೆ ಮಾತ್ರ ಈಗ ಆರ್ಟಿಕಲ್‌ಶಿಪ್. ಮೊದಲು ಮೂರು ವರ್ಷ ಇತ್ತು. 2023ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಪದ್ಧತಿಯಲ್ಲಿ ಎರಡು ವರ್ಷ. ರಜೆ ವರ್ಷಕ್ಕೆ 12 ದಿನ. ತರಬೇತಿ ಮುಗಿದು ಆರು ತಿಂಗಳಾದ ಮೇಲೆ ಫೈನಲ್ ಬರೆಯಬಹುದು. ಅಂದರೆ ಇಂಟರ್ ಪಾಸಾದ ದಿನದಿಂದ ಹೆಸರಿನ ಮುಂದೆ ಸಿಎ ಎಂದು ಬರೆಯುವ ದಿನದ ತನಕ ಎಲ್ಲವೂ ಸರಿಯಾಗಿ ನಡೆದರೂ ಎರಡೂವರೆ ವರ್ಷಕ್ಕಿಂತ ಮೇಲೆ. ಈ ಲೆಕ್ಕವನ್ನು ಮನೆಯವರಿಗೆ ಮೊದಲೇ ಹೇಳಬೇಕಾದವರು ಮಕ್ಕಳು. ಹೆಚ್ಚಿನವರು ಹೇಳುವುದಿಲ್ಲ, ಹೇಳಿದರೆ ಕೋರ್ಸಿಗೇ ಸೇರಿಸಲಿಕ್ಕಿಲ್ಲ ಎಂಬ ಹೆದರಿಕೆ.

ಇನ್ನು ಹಣದ ವಿಷಯ. ಸ್ಟೈಪೆಂಡ್ ಕನಿಷ್ಠ ಎಷ್ಟು ಎಂಬುದನ್ನು ಐಸಿಎಐ ಊರಿನ ಜನಸಂಖ್ಯೆ ನೋಡಿ ನಿಗದಿ ಮಾಡಿದೆ. ಬೆಂಗಳೂರಿಗೆ ಒಂದು, ಮಂಗಳೂರಿನಂಥ ಊರಿಗೆ ಒಂದು, ಕುಂದಾಪುರದಂಥ ಸಣ್ಣ ಪೇಟೆಗೆ ಇನ್ನೂ ಕಡಿಮೆ. ಅದಕ್ಕಿಂತ ಹೆಚ್ಚು ಕೊಡಬಾರದು ಎಂದೇನಿಲ್ಲ, ಕೊಡುವ ಆಫೀಸುಗಳೂ ಇವೆ. ಆದರೆ ಕನಿಷ್ಠ ಮೊತ್ತದಲ್ಲಿ ಮಂಗಳೂರಿನಲ್ಲಿ ಪಿಜಿ ಬಾಡಿಗೆ, ಊಟ, ಬಸ್ಸು ಮೂರೂ ಹೊಂದಿಸಲಿಕ್ಕೆ ಆಗುವುದಿಲ್ಲ. ಮನೆಯಿಂದಲೇ ತಿಂಗಳು ತಿಂಗಳು ಕಳಿಸಬೇಕು.

ಇಲ್ಲಿಯೇ ನಮ್ಮ ಸಮುದಾಯದ ಸಹಾಯದಲ್ಲಿ ಒಂದು ದೊಡ್ಡ ತೂತು ಇರುವುದು. ನಮ್ಮಲ್ಲಿ ಸ್ಕಾಲರ್‌ಶಿಪ್ ಕೊಡುವ ಸಂಘಟನೆಗಳು ಕಡಿಮೆಯೇನಲ್ಲ. ಅನಿವಾಸಿ ಸಂಘಗಳು, ಟ್ರಸ್ಟುಗಳು, ಊರಿನ ಜಮಾಅತ್‌ಗಳು ವರ್ಷ ವರ್ಷ ಸಭೆ ಮಾಡಿ ಚೆಕ್ ಕೊಡುತ್ತವೆ. ಅರ್ಜಿ ಫಾರ್ಮ್ ತೆಗೆದು ನೋಡಿ. ಕಾಲೇಜಿನ ಹೆಸರು, ಬೋನಫೈಡ್ ಸರ್ಟಿಫಿಕೇಟ್, ಫೀಸಿನ ರಶೀದಿ. ಆರ್ಟಿಕಲ್ ಹುಡುಗನಿಗೆ ಈ ಮೂರೂ ಇಲ್ಲ. ಅವನು ಕಾಲೇಜಿನಲ್ಲಿಲ್ಲ, ಯಾರಿಗೂ ಫೀಸು ಕಟ್ಟುತ್ತಿಲ್ಲ, ಲೆಕ್ಕಕ್ಕೆ ನೋಡಿದರೆ ಅವನಿಗೇ ತಿಂಗಳಿಗೆ ಇಷ್ಟು ಬರುತ್ತಿದೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲವೂ ಸಿಇಟಿ, ನೀಟ್ ಮೂಲಕ ಸೀಟು ಸಿಕ್ಕಿದವರ ಸುತ್ತಲೇ ಕಟ್ಟಿದ ಯೋಜನೆ. ಡಾಕ್ಟರ್, ಇಂಜಿನಿಯರ್ ಆಗುವವರಿಗೆ ದಾರಿಯುದ್ದಕ್ಕೂ ಕೈಹಿಡಿಯುವವರಿದ್ದಾರೆ. ಆಡಿಟರ್ ಆಗುವವನಿಗೆ ಪರೀಕ್ಷೆಯ ತನಕ ಸಹಾಯ ಇದೆ, ಅತಿ ಕಷ್ಟದ ಎರಡು ವರ್ಷಕ್ಕೆ ಇಲ್ಲ. ಐಸಿಎಐಯದ್ದೇ ವಿದ್ಯಾರ್ಥಿ ಸ್ಕಾಲರ್‌ಶಿಪ್‌ಗಳೂ ವಿದ್ಯಾರ್ಥಿ ಕ್ಷೇಮನಿಧಿಯೂ ಇವೆ. ಅರ್ಜಿ ಹಾಕಿ ಎಂದು ಒತ್ತಾಯಿಸಿ ಹೇಳುತ್ತೇವೆ. ಆದರೆ ಅದನ್ನೇ ನಂಬಿ ಕೂರುವಂತಿಲ್ಲ.

ನಾವು ಹೇಳಲಿಕ್ಕೆ ಹೊರಟದ್ದು ಇಷ್ಟೆ: ಈ ಎರಡು ವರ್ಷವನ್ನು ಮನೆಯವರೂ ಜಮಾಅತಿನವರೂ ಓದಿನ ವರ್ಷಗಳೆಂದೇ ಲೆಕ್ಕ ಹಾಕಬೇಕು. ಮೆಡಿಕಲ್ ಹುಡುಗನ ಹೌಸ್ ಸರ್ಜನ್ಸಿ ಹೇಗೋ ಹಾಗೆ. ಅದು ಅರೆ ಸಂಬಳದ ನೌಕರಿ ಅಲ್ಲ.

ಕೊಲ್ಲೂರು, ಹಾಲ್ಕಲ್, ಜಡ್ಕಲ್, ವಂಡ್ಸೆ ಕಡೆಯ ಮನೆಗಳಿಗೆ ಒಂದು ಸಲಹೆ ಇದೆ. ಮಂಗಳೂರು, ಬೆಂಗಳೂರೇ ಆಗಬೇಕೆಂದಿಲ್ಲ. ಕೊಲ್ಲೂರಿನಿಂದ ಕುಂದಾಪುರಕ್ಕೆ ನಲವತ್ತು ಕಿಲೋಮೀಟರ್ ಆಸುಪಾಸು. ಬೆಳಿಗ್ಗೆ ಬಸ್ಸು ಹತ್ತಿದರೆ ಆಫೀಸು ತೆರೆಯುವ ಹೊತ್ತಿಗೆ ಮುಟ್ಟಬಹುದು. ಸ್ಟೈಪೆಂಡ್ ಕಡಿಮೆ, ಹೌದು. ಆದರೆ ಮನೆಯ ಊಟ, ಮನೆಯ ಹಾಸಿಗೆ. ಕೈಯಲ್ಲಿ ಉಳಿಯುವ ಲೆಕ್ಕ ಹಾಕಿದರೆ ಪಿಜಿಯಲ್ಲಿ ಇರುವವನಿಗಿಂತ ಇವನೇ ಮೇಲಾದಾನು.

"ಕುಂದಾಪುರದ ಆಫೀಸಿನಲ್ಲಿ ಎಂತ ಕಲಿಯಲಿಕ್ಕುಂಟು" ಎಂಬ ತಾತ್ಸಾರವನ್ನೂ ಕೇಳಿದ್ದೇವೆ. ಕಲಿಯುವವನಿಗೆ ಉಂಟು. ಗಂಗೊಳ್ಳಿ ಬಂದರಿನ ಬೋಟಿನ ಪಾಲುದಾರಿಕೆಯ ಲೆಕ್ಕ, ಗೇರುಬೀಜದ ಕಾರ್ಖಾನೆಯ ಸ್ಟಾಕು, ಅಕ್ಕಿ ಮಿಲ್ಲಿನ ತೌಡು ಉಮಿಯ ತನಕದ ಇಳುವರಿ, ಸಹಕಾರಿ ಸಂಘದ ಸಾಲದ ಬಾಕಿ, ಜಡ್ಕಲ್ ಮುದೂರಿನ ರಬ್ಬರು, ಎಲ್ಲವೂ ಒಂದೇ ಮೇಜಿಗೆ ಬರುತ್ತವೆ. ದೊಡ್ಡ ನಗರದ ದೊಡ್ಡ ಕಂಪೆನಿಯಲ್ಲಿ ಎರಡು ವರ್ಷ ಒಂದೇ ಕ್ಲೈಂಟಿನ ಒಂದೇ ಲೆಡ್ಜರ್ ನೋಡಿದವರೂ ಇದ್ದಾರೆ.

ಕೊಲ್ಲೂರಿನ ಲಾಡ್ಜಿನ ಲೆಕ್ಕವನ್ನೇ ನೋಡಿ. ಯಾತ್ರಿಕರಿಗೆ ಕೊಡುವ ಸಣ್ಣ ರೂಮು, ದಿನಕ್ಕೆ 900 ರೂಪಾಯಿ ಎಂದಿಟ್ಟುಕೊಳ್ಳಿ. 2022ರ ಜುಲೈ 17ರ ತನಕ ಅದಕ್ಕೆ ಜಿಎಸ್‌ಟಿ ಇರಲಿಲ್ಲ. ಮಾರನೇ ದಿನದಿಂದ ಶೇ. 12 ಬಿತ್ತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿ ತನಕದ ರೂಮುಗಳಿಗೆ ಶೇ. 5 ಆಯಿತು, ಆದರೆ ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ವಾಪಸು ಹಿಡಿದುಕೊಳ್ಳುವ ಇನ್‌ಪುಟ್ ಕ್ರೆಡಿಟ್ ಹೋಯಿತು. ನವರಾತ್ರಿಗೆ ಮೊದಲೇ ಬುಕ್ ಮಾಡಿ ಅಡ್ವಾನ್ಸ್ ಕೊಟ್ಟವರ ರೂಮಿಗೆ ಯಾವ ದರ? ರಿಜಿಸ್ಟರಿನಲ್ಲಿ 40 ರೂಮು ಭರ್ತಿ, ಬಿಲ್ಲು ಪುಸ್ತಕದಲ್ಲಿ 31, ಆ ಒಂಬತ್ತು ಎಲ್ಲಿ? ಬೆಡ್‌ಶೀಟ್ ಒಗೆಯುವವನ ಬಿಲ್ಲು ಎಷ್ಟು ಹಾಸಿಗೆಗೆ? ಇಂಥ ಪ್ರಶ್ನೆ ಕೇಳಲು ಪುಸ್ತಕ ಕಲಿಸುವುದಿಲ್ಲ. ಪಕ್ಕದಲ್ಲಿ ಕುಳಿತ ಹಿರಿಯ ಆಡಿಟರ್ ಒಮ್ಮೆ ಕೇಳಿದ್ದನ್ನು ಕಿವಿಯಾರೆ ಕೇಳಿ ಕಲಿಯಬೇಕು. ನಮ್ಮ ಹಿರಿಯರು ಮೀನು ವ್ಯಾಪಾರ, ಅಡಿಕೆ ವ್ಯಾಪಾರ ಕಲಿತದ್ದೂ ಹೀಗೆಯೇ ಅಲ್ವಾ, ಯಾರದೋ ಮಂಡಿಯಲ್ಲಿ ನಾಲ್ಕು ವರ್ಷ ಇದ್ದು.

ತರಬೇತಿ ಸರಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೇಶವೇ ನೋಡಿದ ಪಾಠ ಒಂದಿದೆ. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷ ರಾಮಲಿಂಗ ರಾಜು ತಾವೇ ಪತ್ರ ಬರೆದು ಒಪ್ಪಿಕೊಂಡರು: ಲೆಕ್ಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಬ್ಯಾಲೆನ್ಸಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ. ಆಡಿಟ್ ಮಾಡಿದ್ದು ಜಗತ್ತಿನ ನಾಲ್ಕು ದೊಡ್ಡ ಆಡಿಟ್ ಜಾಲಗಳಲ್ಲಿ ಒಂದರ ಭಾರತೀಯ ಸಂಸ್ಥೆಗಳು. ಅಮೆರಿಕದ ನಿಯಂತ್ರಕರು 2011ರಲ್ಲಿ ಆದೇಶ ಹೊರಡಿಸುವಾಗ ಎತ್ತಿ ತೋರಿಸಿದ ತಪ್ಪು ಬಹಳ ಸಣ್ಣದಾಗಿ ಕಾಣುತ್ತದೆ. ನಿಮ್ಮಲ್ಲಿ ಈ ಕಂಪೆನಿಯ ಹಣ ಎಷ್ಟಿದೆ ಎಂದು ಬ್ಯಾಂಕಿಗೆ ಕೇಳುವ ದೃಢೀಕರಣ ಪತ್ರವನ್ನು ಆಡಿಟರ್‌ಗಳು ತಾವೇ ಕಳುಹಿಸಿ, ಉತ್ತರವನ್ನು ತಾವೇ ಪಡೆಯಬೇಕು. ಅವರು ಪತ್ರವನ್ನು ಕಂಪೆನಿಯ ಕೈಗೇ ಕೊಟ್ಟರು, ಉತ್ತರವೂ ಕಂಪೆನಿಯ ಕೈಯಿಂದಲೇ ಬಂತು. ಅಷ್ಟೇ. ಪತ್ರವನ್ನು ಯಾರು ಅಂಚೆಗೆ ಹಾಕಬೇಕು ಎಂಬುದು ಆರ್ಟಿಕಲ್ ಹುಡುಗ ಮೊದಲ ವರ್ಷದಲ್ಲಿ ಕಲಿಯುವ ಸಂಗತಿ. ಕುಂದಾಪುರದ ಸಣ್ಣ ಸಹಕಾರಿ ಸಂಘದ ಡಿಪಾಸಿಟ್ ಪರೀಕ್ಷಿಸುವಾಗಲೂ ನಿಯಮ ಅದೇ.

ಹಾಗಾಗಿ ಆಫೀಸು ಆರಿಸುವಾಗ ಜಾಗ್ರತೆ ಬೇಕು. ಎಲ್ಲ ಕಡೆಯೂ ಕಲಿಸುವುದಿಲ್ಲ. ಎರಡು ವರ್ಷ ಜಿಎಸ್‌ಟಿ ರಿಟರ್ನ್ ಅಪ್‌ಲೋಡ್ ಮಾಡಿಸಿ, ಝೆರಾಕ್ಸ್ ತರಿಸಿ, ಕೊನೆಗೆ ಫಾರ್ಮಿಗೆ ಸಹಿ ಹಾಕಿಕೊಟ್ಟು ಕಳುಹಿಸುವ ಜಾಗಗಳಿವೆ. ಅದಕ್ಕಿಂತ ಕೆಟ್ಟದ್ದು ಡಮ್ಮಿ ಆರ್ಟಿಕಲ್‌ಶಿಪ್. ಕಾಗದದ ಮೇಲೆ ಸೇರುವುದು, ಮನೆಯಲ್ಲಿ ಕುಳಿತು ಫೈನಲ್‌ಗೆ ಓದುವುದು. ಐಸಿಎಐ ಇದನ್ನು ಅಪರಾಧವೆಂದೇ ನೋಡುತ್ತದೆ, ಹುಡುಗನ ಮೇಲೂ ಸಿಎ ಮೇಲೂ ಕ್ರಮ ಬರಬಹುದು. ಕೆಲವು ಪೋಷಕರೇ "ಹಾಗೊಂದು ಅಡ್ಜಸ್ಟ್ ಮಾಡಿಕೊಡಿ" ಎಂದು ಕೇಳಿಕೊಂಡು ಹೋಗುವುದುಂಟು. ದಯವಿಟ್ಟು ಬೇಡ. ಸುಳ್ಳು ಹಾಜರಿ ಬರೆದು ಆಡಿಟರ್ ಆದವನು ನಾಳೆ ಯಾರ ಸುಳ್ಳು ವೋಚರನ್ನು ಹಿಡಿಯಬಲ್ಲ?

ಸೇರುವ ಮೊದಲು ಆ ಆಫೀಸಿನಲ್ಲಿ ಈಗ ಇರುವ ಆರ್ಟಿಕಲ್‌ಗಳ ಹತ್ತಿರ ಹೊರಗೆ ಒಂದು ಚಹಾ ಕುಡಿಯುತ್ತಾ ಮಾತಾಡಲು ಮಗನಿಗೆ ಹೇಳಿ. ಕ್ಲೈಂಟಿನ ಜಾಗಕ್ಕೆ ಕರೆದುಕೊಂಡು ಹೋಗುತ್ತಾರಾ? ಎಪ್ರಿಲ್‌ನಲ್ಲಿ ಬ್ಯಾಂಕ್ ಶಾಖೆಗಳ ಆಡಿಟ್ ಬರುತ್ತದಾ? ಮಾರ್ಚ್ 31ರ ಸ್ಟಾಕ್ ಎಣಿಕೆಗೆ ಕಳುಹಿಸುತ್ತಾರಾ? ಮಾಡಿದ ಕೆಲಸವನ್ನು ಪ್ರಿನ್ಸಿಪಾಲ್, ಅಂದರೆ ಕಲಿಸುವ ಸಿಎ, ಕೂತು ನೋಡುತ್ತಾರಾ, ಇಲ್ಲ ಸೀನಿಯರ್ ಕ್ಲರ್ಕ್ ಮಾತ್ರವಾ? ಪರೀಕ್ಷೆಗೆ ರಜೆ ಕೊಡುವಾಗ ಮುಖ ಹೇಗಿರುತ್ತದೆ? ಒಮ್ಮೆ ಸೇರಿದ ಮೇಲೆ ಆಫೀಸು ಬದಲಾಯಿಸುವುದು ಬಸ್ಸು ಬದಲಾಯಿಸಿದ ಹಾಗಲ್ಲ, ನಿಯಮದ ಗಂಟು ಬಹಳ. ಆದ್ದರಿಂದ ಕೇಳುವುದನ್ನೆಲ್ಲ ಮೊದಲೇ ಕೇಳಬೇಕು. ಬಾಪ ಜೊತೆಯಲ್ಲಿ ಹೋಗಿ ಸಿಎ ಅವರನ್ನು ಒಮ್ಮೆ ಕಂಡು ಸಲಾಂ ಹೇಳಿ ಬಂದರೂ ಒಳ್ಳೆಯದು. ಸಣ್ಣ ಪೇಟೆಗಳಲ್ಲಿ ಅದಕ್ಕೆ ಈಗಲೂ ಬೆಲೆ ಇದೆ.

ಆಡಿಟ್ ಆಫೀಸಿನ ದುಡಿತದ ಬಗ್ಗೆಯೂ ಹೇಳದೆ ಇರಲಾಗದು. 2024ರಲ್ಲಿ ಪುಣೆಯ ದೊಡ್ಡ ಆಡಿಟ್ ಸಂಸ್ಥೆಯೊಂದಕ್ಕೆ ಸೇರಿದ ಕೇರಳದ 26 ವರ್ಷದ ಯುವತಿ, ಹೊಸದಾಗಿ ಸಿಎ ಆದವಳು, ನಾಲ್ಕು ತಿಂಗಳಿಗೆ ತೀರಿಕೊಂಡಳು. ಕೆಲಸದ ಒತ್ತಡವೇ ಮಗಳನ್ನು ಕೊಂದಿತು ಎಂದು ತಾಯಿ ಬರೆದ ಪತ್ರವನ್ನು ಇಡೀ ದೇಶ ಓದಿತು. ಸೆಪ್ಟೆಂಬರ್ ತಿಂಗಳಲ್ಲಿ ಟ್ಯಾಕ್ಸ್ ಆಡಿಟ್‌ನ ಗಡುವು ಹತ್ತಿರವಾದಾಗ ಆಫೀಸುಗಳಲ್ಲಿ ರಾತ್ರಿ ಹತ್ತಾಗುವುದು ಹೊಸತೇನಲ್ಲ. ಅಂಥ ತಿಂಗಳು ವರ್ಷಕ್ಕೆ ಒಂದೆರಡು ಇರಲಿ, ಹನ್ನೆರಡು ತಿಂಗಳೂ ಹಾಗೆಯೇ ಆದರೆ ಅಲ್ಲಿ ಕಲಿಕೆ ನಡೆಯುತ್ತಿಲ್ಲ ಎಂದರ್ಥ. ಮಗ ಫೋನಿನಲ್ಲಿ "ಸುಸ್ತು ಉಮ್ಮಾ" ಎಂದರೆ "ಎಲ್ಲರೂ ಮಾಡುವುದಲ್ವಾ" ಎಂದು ತಳ್ಳಿಹಾಕಬೇಡಿ. ಎಷ್ಟು ಗಂಟೆಗೆ ಮಲಗಿದೆ, ಏನು ತಿಂದೆ ಎಂದು ಕೇಳಿ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಈ ಮಾತು ಇನ್ನೂ ಸೂಕ್ಷ್ಮ. ನಮ್ಮ ಕಡೆ ಕಾಮರ್ಸ್ ಕ್ಲಾಸುಗಳಲ್ಲಿ ಮುಂದಿನ ಬೆಂಚು ಈಗ ಹುಡುಗಿಯರದ್ದು. ಇಂಟರ್ ಪಾಸಾಗುವುದು ಅವರಿಗೆ ದೊಡ್ಡ ಸಂಗತಿ ಅಲ್ಲ. ಆದರೆ ಆರ್ಟಿಕಲ್‌ಶಿಪ್ ಎಂದ ಕೂಡಲೆ ಮನೆಯಲ್ಲಿ ಬೇರೆ ಪ್ರಶ್ನೆಗಳು. ಕ್ಲೈಂಟಿನ ಗೋಡೌನಿಗೆ ಯಾರ ಜೊತೆ ಹೋಗುವುದು, ಸಂಜೆ ಕೊನೆಯ ಬಸ್ಸು ತಪ್ಪಿದರೆ, ನಿಖಾಹ್ ಮಾತುಕತೆ ಬಂದರೆ. ಇವು ಸುಳ್ಳು ಆತಂಕಗಳಲ್ಲ. ಆದರೆ ಪರಿಹಾರವಿರುವ ಆತಂಕಗಳು. ಮಹಿಳಾ ಸಿಎ ಇರುವ ಅಥವಾ ಇತರ ಹುಡುಗಿಯರು ಇರುವ ಆಫೀಸು ಆರಿಸಬಹುದು. ಹೊರಗಿನ ಆಡಿಟ್‌ಗೆ ಇಬ್ಬರು ಜೊತೆಯಾಗಿ ಹೋಗುವ ವ್ಯವಸ್ಥೆ ಕೇಳಬಹುದು. ಸಂಬಂಧ ಬಂದಾಗ "ತರಬೇತಿ ಮುಗಿಸಿಯೇ" ಎಂದು ಮೊದಲೇ ಮಾತಾಡಿಕೊಳ್ಳಬಹುದು. ದಕ್ಷಿಣ ಕನ್ನಡ ಮದರಾಸು ಪ್ರಾಂತದಲ್ಲಿದ್ದ ಕಾಲದಲ್ಲಿ, 1933ರಲ್ಲಿ, ಆರ್. ಶಿವಭೋಗಂ ಎಂಬ ಮಹಿಳೆ ಅದೇ ಪ್ರಾಂತದ ಮದರಾಸಿನಲ್ಲಿ ಪರೀಕ್ಷೆ ಪಾಸಾಗಿ ದೇಶದ ಮೊದಲ ಮಹಿಳಾ ಆಡಿಟರ್ ಆದರು. ಅದಕ್ಕೆ ಮೊದಲು ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೂ ಹೋಗಿ ಬಂದಿದ್ದರು. ಅವರಿಗೂ ತರಬೇತಿ ಕೊಡಲು ಒಬ್ಬ ಹಿರಿಯ ಆಡಿಟರ್ ಬಾಗಿಲು ತೆರೆದಿದ್ದರು. ತೊಂಬತ್ತು ವರ್ಷದ ಹಿಂದೆ ಆದದ್ದು ಈಗ ಕುಂದಾಪುರದಲ್ಲಿ ಯಾಕೆ ಆಗಬಾರದು?

ಬಡ್ಡಿಯ ಪ್ರಶ್ನೆಯನ್ನು ಕೆಲವು ಉಮ್ಮಂದಿರು ಕೇಳುತ್ತಾರೆ, ಕೇಳಲೇಬೇಕಾದ ಪ್ರಶ್ನೆ. ಬಡ್ಡಿಯ ವ್ಯವಹಾರ ಬರೆಯುವವನ ಬಗ್ಗೆ ಹದೀಸಿನಲ್ಲಿ ಬಂದಿರುವ ಎಚ್ಚರಿಕೆ ನಮಗೆಲ್ಲ ಗೊತ್ತು. ಬ್ಯಾಂಕ್ ಆಡಿಟ್‌ಗೆ ಹೋದರೆ ಹೇಗೆ? ನಾವು ಫತ್ವಾ ಕೊಡುವವರಲ್ಲ. ಮಕ್ಕಳನ್ನು ಖಾಝಿಯವರ, ನಂಬಿಕೆಯ ಉಸ್ತಾದರ ಬಳಿ ಕರೆದುಕೊಂಡು ಹೋಗಿ ಕೆಲಸದ ವಿವರ ಸರಿಯಾಗಿ ಹೇಳಿ ಕೇಳಿ. ವಿವರ ಹೇಳುವುದು ಮುಖ್ಯ, ಯಾಕೆಂದರೆ ಸಾಲದ ಪತ್ರ ಬರೆಯುವುದು ಬೇರೆ, ಬರೆದದ್ದು ಸತ್ಯವೋ ಎಂದು ಪರಿಶೀಲಿಸುವುದು ಬೇರೆ, ವ್ಯಾಪಾರಿಯ ಜಿಎಸ್‌ಟಿ ನೋಡುವುದು ಇನ್ನೂ ಬೇರೆ. ಕುರ್‌ಆನಿನ ಅತಿ ದೀರ್ಘ ಆಯತ್, ಅಲ್ ಬಖರದ 282ನೆಯದು, ಸಾಲದ ವ್ಯವಹಾರವನ್ನು ನ್ಯಾಯವಾಗಿ ಬರೆದಿಡುವ ಬಗ್ಗೆಯೇ ಇದೆ ಎಂಬುದನ್ನು ಮದ್ರಸದಲ್ಲೇ ಮಕ್ಕಳು ಕಲಿತಿರುತ್ತಾರೆ. ಬಹ್ರೈನಿನಲ್ಲಿ 1991ರಿಂದ ಇಸ್ಲಾಮಿಕ್ ಹಣಕಾಸು ಸಂಸ್ಥೆಗಳ ಲೆಕ್ಕ ಮತ್ತು ಆಡಿಟ್‌ಗೆ ಮಾನದಂಡ ರೂಪಿಸುವ ಆಯೋಫಿ ಎಂಬ ಸಂಸ್ಥೆಯೂ ಇದೆ, ಶರೀಅತ್ ಆಡಿಟರ್‌ಗಳಿಗೆ ಅದು ಪರೀಕ್ಷೆ ನಡೆಸುತ್ತದೆ. ಆ ಕಡೆಗೆ ಹೋಗುವ ಆಸೆಯುಳ್ಳವನಿಗೂ ಮೊದಲು ಬೇಕಾದದ್ದು ಗಟ್ಟಿ ಆಡಿಟ್ ತರಬೇತಿ.

ಗಲ್ಫಿನ ಮಾತು ಬಂದದ್ದರಿಂದ ಇನ್ನೊಂದು. ಲೆಕ್ಕ ಗೊತ್ತಿದ್ದರೆ ಸಾಕು, ಟ್ಯಾಲಿ ಗೊತ್ತಿದ್ದರೆ ಸಾಕು ಎಂಬ ಕಾಲ ಅಲ್ಲಿ ಮುಗಿಯುತ್ತಾ ಬಂದಿದೆ. ಯುಎಇಯಲ್ಲಿ 2018ರ ಜನವರಿ 1ರಿಂದ ಶೇ. 5 ವ್ಯಾಟ್ ಬಂತು. 2023ರ ಜೂನ್ 1ರ ಮೇಲೆ ಶುರುವಾಗುವ ಲೆಕ್ಕದ ವರ್ಷಗಳಿಂದ ಕಂಪೆನಿ ಲಾಭಕ್ಕೆ ತೆರಿಗೆಯೂ ಬಂತು, 3,75,000 ದಿರ್ಹಮ್ ಮೀರಿದ ಲಾಭಕ್ಕೆ ಶೇ. 9. ಸೌದಿಯಲ್ಲಿ ವ್ಯಾಟ್ 2020ರ ಜುಲೈಯಲ್ಲಿ ಶೇ. 5ರಿಂದ 15ಕ್ಕೆ ಏರಿತು. ಅಕೌಂಟೆಂಟ್ ಹುದ್ದೆಗಳಲ್ಲಿ ಅಲ್ಲಿನವರ ಪಾಲನ್ನೂ ಸರಕಾರ ಏರಿಸುತ್ತಾ ಬಂದಿದೆ. ಅರ್ಧಕ್ಕೆ ಬಿಟ್ಟು ಹೋದವನಿಗೆ ಜಾಗ ಕಿರಿದಾಗುತ್ತಿದೆ, ಪೂರ್ತಿ ಮಾಡಿದವನಿಗೆ ಕೆಲಸ ಹೆಚ್ಚುತ್ತಿದೆ. ಎರಡು ವರ್ಷ ತಡವಾಗಿ ಹೋದರೂ ಅದು ಬೇರೆಯೇ ಹೋಗುವಿಕೆ.

ಇಷ್ಟೆಲ್ಲ ಮನೆಯ ಲೆಕ್ಕ. ಸಮುದಾಯದ ಲೆಕ್ಕ ಅದಕ್ಕಿಂತ ದೊಡ್ಡದು. 1995ರ ವಕ್ಫ್ ಕಾಯ್ದೆಯ 46ನೇ ಸೆಕ್ಷನ್ ಪ್ರಕಾರ ಮುತವಲ್ಲಿ ಅಥವಾ ಆಡಳಿತ ಸಮಿತಿ ಮಾರ್ಚ್ 31ಕ್ಕೆ ಮುಗಿಯುವ ವರ್ಷದ ಲೆಕ್ಕವನ್ನು ಜುಲೈ 1ರ ಒಳಗೆ ವಕ್ಫ್ ಬೋರ್ಡಿಗೆ ಕೊಡಬೇಕು. (ಜುಲೈ 1 ಸಿಎ ದಿನವೂ ಹೌದು, ಕಾಕತಾಳೀಯ.) 2025ರ ತಿದ್ದುಪಡಿಯ ಬಗ್ಗೆ ನಮಗೆ ಇರುವ ಆಕ್ಷೇಪಗಳನ್ನು ಈ ಪುಟದ ಓದುಗರು ಬಲ್ಲರು, ಇಲ್ಲಿ ಅದನ್ನು ಮತ್ತೆ ಎತ್ತುವುದಿಲ್ಲ. ಅದರಲ್ಲಿಯೂ ವರ್ಷಕ್ಕೆ 1 ಲಕ್ಷ ರೂಪಾಯಿ ಮೀರಿದ ಆದಾಯದ ವಕ್ಫ್‌ಗಳಿಗೆ ಆಡಿಟ್ ಕಡ್ಡಾಯ. 2025ರ ಜೂನ್ 6ರಂದು ಉಮೀದ್ ಪೋರ್ಟಲ್ ತೆರೆದು, ಆರು ತಿಂಗಳಲ್ಲಿ ಆಸ್ತಿಗಳ ವಿವರ ಹಾಕಿ ಎಂದಾಗ ಎಷ್ಟು ಕಮಿಟಿಯವರು ಕಾಗದದ ಕಟ್ಟು ಹಿಡಿದು ಯಾರ ಯಾರ ಬಾಗಿಲು ತಟ್ಟಿದರು ಎಂಬುದನ್ನು ಆಯಾ ಊರಿನವರು ಮರೆತಿರಲಿಕ್ಕಿಲ್ಲ. ಝಕಾತಿನ ಹಣ, ಮದ್ರಸದ ಫೀಸು, ಕಟ್ಟಡ ನಿಧಿ, ಅಂಗಡಿ ಬಾಡಿಗೆ ಎಲ್ಲವೂ ಒಂದೇ ಬ್ಯಾಂಕ್ ಖಾತೆಗೆ ಹೋಗುವ ಪಳ್ಳಿಗಳಿವೆ. ಯಾರೂ ಕದಿಯುತ್ತಿಲ್ಲ. ಆದರೆ ಯಾವ ಹಣ ಯಾವುದಕ್ಕೆ ಹೋಯಿತೆಂದು ಕೇಳಿದರೆ ಸೆಕ್ರೆಟರಿ ಕಾಕನಿಗೆ ಜ್ಞಾಪಕದಿಂದ ಹೇಳಬೇಕು. ಪ್ರಾಯದವರು, ಎಷ್ಟೆಂದು ಜ್ಞಾಪಕ ಇಟ್ಟುಕೊಂಡಾರು?

ಬೆಂಗಳೂರಿನ ಐಎಂಎ ಎಂಬ ಸಂಸ್ಥೆ 2019ರ ಜೂನ್‌ನಲ್ಲಿ ಕುಸಿದಾಗ ಹಲಾಲ್ ಲಾಭ ಎಂದು ನಂಬಿ ಹಣ ಹಾಕಿದ ಸಾವಿರಾರು ಮುಸ್ಲಿಂ ಕುಟುಂಬಗಳು ಬೀದಿಗೆ ಬಂದವು. ಮಗಳ ಮದುವೆಗೆ ಇಟ್ಟ ಹಣ, ಹಜ್ಜಿಗೆ ಇಟ್ಟ ಹಣ. ವ್ಯಾಪಾರದಲ್ಲಿ ಅಷ್ಟು ಲಾಭ ನಿಜವಾಗಿ ಬರುತ್ತಿದೆಯಾ ಎಂದು ಬ್ಯಾಲೆನ್ಸ್ ಶೀಟ್ ತೆರೆದು ಕೇಳಬಲ್ಲವರು ಪ್ರತಿ ಮಹಲ್ಲಿನಲ್ಲಿ ಒಬ್ಬರು ಇದ್ದಿದ್ದರೆ ಎಂದು ನಾವು ಎಷ್ಟೋ ಸಲ ಯೋಚಿಸಿದ್ದುಂಟು.

ಲೆಕ್ಕದ ಶಿಸ್ತು ಈ ಕರಾವಳಿಗೆ ಹೊರಗಿನಿಂದ ಬಂದದ್ದಲ್ಲ. ಉಡುಪಿಯಲ್ಲಿ 1906ರ ಮಾರ್ಚ್ 12ರಂದು ಕಾರ್ಪೊರೇಶನ್ ಬ್ಯಾಂಕಿನ ಮೂಲ ಸಂಸ್ಥೆಯನ್ನು ಸ್ಥಾಪಿಸಿದವರು ಖಾನ್ ಬಹಾದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು. ಮೂಲ ಬಂಡವಾಳ 5,000 ರೂಪಾಯಿ. ಮೊದಲ ದಿನ ಮುಗಿದಾಗ ಕೈಯಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ. ಆ ಬ್ಯಾಂಕು 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಗಿ ಹೋಯಿತು. ಆದರೆ ಮೊದಲ ಸಂಜೆಯ ಎರಡು ಪೈಯ ಲೆಕ್ಕ ನೂರು ವರ್ಷ ದಾಟಿಯೂ ಉಳಿದಿದೆ. ಬರೆದಿಟ್ಟವರು ಯಾರೋ ಗುಮಾಸ್ತ, ಹೆಸರು ನಮಗೆ ಗೊತ್ತಿಲ್ಲದಿದ್ದರೂ ಅವನಿಗೆ ಯಾರೋ ಸರಿಯಾಗಿ ಕಲಿಸಿರಬೇಕು.

ಈಗ ಏನು ಮಾಡಬಹುದು? ದೊಡ್ಡ ಯೋಜನೆ ಬೇಡ. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ತಾಲೂಕಿನಲ್ಲಿ ನಮ್ಮ ಜಮಾಅತ್‌ಗಳೂ ಅನಿವಾಸಿ ಸಂಘಗಳೂ ಸೇರಿ ವರ್ಷಕ್ಕೆ ಐದು ಮಂದಿಯನ್ನು ಆರಿಸಲಿ. ತಿಂಗಳಿಗೆ 5,000 ರೂಪಾಯಿಯಂತೆ 24 ತಿಂಗಳು ಕೊಟ್ಟರೆ ಒಬ್ಬರಿಗೆ 1,20,000. ಐದು ಮಂದಿಗೆ 6 ಲಕ್ಷ. ಒಂದು ಮದುವೆ ಹಾಲಿನ ಒಂದು ದಿನದ ಖರ್ಚಿಗಿಂತ ಹೆಚ್ಚೇನಲ್ಲ. ಅರ್ಜಿಯಲ್ಲಿ ಕಾಲೇಜಿನ ರಶೀದಿ ಕೇಳುವ ಬದಲು ಐಸಿಎಐಯಲ್ಲಿ ಆರ್ಟಿಕಲ್ ಆಗಿ ನೋಂದಣಿಯಾದ ದಾಖಲೆ ಕೇಳಿದರೆ ಸಾಕು. ಝಕಾತಿನಿಂದ ಕೊಡಬಹುದೇ ಎಂಬುದನ್ನು ಆಯಾ ಕುಟುಂಬದ ಸ್ಥಿತಿ ನೋಡಿ ಉಲಮಾಗಳು ಹೇಳಲಿ.

ಪಳ್ಳಿ ಕಮಿಟಿಗಳಿಗೂ ಒಂದು ಮಾತು. ಆಡಿಟ್ ಸಹಿಯನ್ನು ಸಂಬಂಧಿಕರಿಂದ ಪುಕ್ಕಟೆ ಹಾಕಿಸಿಕೊಳ್ಳುವ ಅಭ್ಯಾಸ ಬಿಡಿ. ಊರಿನ ಆರ್ಟಿಕಲ್ ಹುಡುಗನನ್ನು ಕರೆದು "ನೀನೇ ನೋಡಿ ಸಹಿ ಹಾಕು" ಎನ್ನುವುದೂ ಬೇಡ, ಅವನಿಗೆ ಸಹಿ ಹಾಕುವ ಅಧಿಕಾರ ಇಲ್ಲ. ಫೀಸು ಕೊಟ್ಟು ಸಿಎ ಒಬ್ಬರನ್ನು ನೇಮಿಸಿ. ಅವರ ಜೊತೆ ಬರುವ ಆರ್ಟಿಕಲ್‌ಗಳಿಗೆ ವೋಚರು, ರಶೀದಿ ಪುಸ್ತಕ, ಬಾಡಿಗೆ ಕರಾರು ಎಲ್ಲ ತೆರೆದು ತೋರಿಸಿ. ಅವರು ಕೇಳುವ ಪ್ರಶ್ನೆಗೆ ಸಿಟ್ಟಾಗಬೇಡಿ. 2019ರಿಂದ ಸಿಎ ಸಹಿಯ ಪ್ರತಿ ರಿಪೋರ್ಟಿನ ಮೇಲೆ ಯುಡಿಐಎನ್ ಎಂಬ 18 ಅಂಕಿಗಳ ಗುರುತು ಇರಬೇಕು. ಐಸಿಎಐಯ ವೆಬ್‌ಸೈಟಿನಲ್ಲಿ ಅದನ್ನು ಹಾಕಿ ನೋಡಿದರೆ ರಿಪೋರ್ಟ್ ಅಸಲಿಯೋ ಅಲ್ಲವೋ ತಿಳಿಯುತ್ತದೆ. ಮಹಾಸಭೆಯಲ್ಲಿ ಯಾರಾದರೂ ಒಬ್ಬರು ಎದ್ದು ಆ ನಂಬರ್ ಕೇಳಬೇಕು.

ನಮ್ಮವರೇ ಆದ ಸಿಎಗಳು ಮಂಗಳೂರು, ಉಡುಪಿಯಲ್ಲಿ ಇದ್ದಾರೆ. ಅವರಲ್ಲಿ ನಮ್ಮ ವಿನಂತಿ ಒಂದೇ: ನಮ್ಮ ಮಕ್ಕಳೆಂದು ರಿಯಾಯಿತಿ ಕೊಡಬೇಡಿ, ಜಾಗ ಕೊಡಿ, ಹೊತ್ತು ಕೊಟ್ಟು ಕಲಿಸಿ. ಬೇರೆ ಸಮುದಾಯದ ಹಿರಿಯ ಆಡಿಟರ್‌ಗಳ ಬಳಿ ಕಲಿತು ಮೇಲೆ ಬಂದ ನಮ್ಮ ಮಕ್ಕಳೂ ಇದ್ದಾರೆ. ಆ ಆಫೀಸುಗಳ ಋಣ ದೊಡ್ಡದು.

ಇಂಟರ್ ಪರೀಕ್ಷೆ ಈಗ ವರ್ಷಕ್ಕೆ ಮೂರು ಸಲ ನಡೆಯುತ್ತದೆ, ಆದ್ದರಿಂದ ಫಲಿತಾಂಶವೂ ಮೂರು ಸಲ. ಮುಂದಿನ ಫಲಿತಾಂಶದೊಳಗೆ ಎರಡು ಪಟ್ಟಿ ಮಾಡಲು ಈ ಪುಟ ಹೊರಟಿದೆ. ಒಂದರಲ್ಲಿ ಕುಂದಾಪುರದಿಂದ ಮಂಗಳೂರಿನ ತನಕ ಆರ್ಟಿಕಲ್ ತೆಗೆದುಕೊಳ್ಳಲು ಸಿದ್ಧರಿರುವ ಆಫೀಸುಗಳು ಮತ್ತು ಮಕ್ಕಳಿಗೆ ಕಡಿಮೆ ಬಾಡಿಗೆಗೆ ರೂಮು ಕೊಡಬಲ್ಲ ಮನೆಗಳು. ಇನ್ನೊಂದರಲ್ಲಿ ಕೊಲ್ಲೂರು, ವಂಡ್ಸೆ, ನಾವುಂದ, ಗಂಗೊಳ್ಳಿ, ಶಿರೂರು, ಕಂಡ್ಲೂರು, ಕೋಡಿ ಕಡೆಯಿಂದ ಇಂಟರ್ ಮುಗಿಸಿ ಜಾಗ ಹುಡುಕುತ್ತಿರುವ ಮಕ್ಕಳು. ಹೆಸರುಗಳನ್ನು ಪತ್ರಿಕೆಯ ಕಚೇರಿಗೆ ಕಳುಹಿಸಿ. ಹೆಸರು ಅಚ್ಚು ಹಾಕುವುದಿಲ್ಲ, ಒಬ್ಬರನ್ನೊಬ್ಬರಿಗೆ ಮುಟ್ಟಿಸುವ ಕೆಲಸ ನಮ್ಮದು.